ಅಟ್ಟದ ಮಸಿಯಲ್ಲಿ ಮನೆಯ ವಯಸ್ಸು

ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ, ಎಕ್ಸೆಟರ್ ನಗರದ ಹತ್ತಿರ, ಬ್ರಾಡ್‌ಕ್ಲಿಸ್ಟ್ ಎಂಬ ಊರಿದೆ. ಇಲ್ಲಿನ ಹಲವು ಮನೆಗಳೂ ಸುತ್ತಲಿನ ಹೊಲಗಳೂ ತಲೆಮಾರುಗಳ ಕಾಲ ಆಕ್ಲಂಡ್ ಮನೆತನದ ಕಿಲ್ಲರ್ಟನ್ ಜಮೀನಿಗೆ ಸೇರಿದ್ದವು. 1944ರಲ್ಲಿ ಸರ್ ರಿಚರ್ಡ್ ಆಕ್ಲಂಡ್ ಆ ಆಸ್ತಿಯನ್ನು ಪರಂಪರೆಯ ಕಟ್ಟಡ, ನೆಲಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ವಹಿಸಿದರು. ಹುಲ್ಲಿನ ಮಾಡು, ಮಣ್ಣಿನ ದಪ್ಪ ಗೋಡೆ, ಮೇಲೆ ಹಳದಿ ಛಾಯೆಯ ಸುಣ್ಣ: ನೋಡಿದವರಿಗೆ ಊರೆಲ್ಲ ಒಂದೇ ಕಾಲದ್ದು ಅನ್ನಿಸುತ್ತದೆ. ಆದರೆ ಒಡೆಯನೊಬ್ಬನ ಊರಿನಲ್ಲಿ ಮನೆಯ ಮುಖ ಹೇಳುವುದು ಒಡೆಯನ ಅಭಿರುಚಿಯನ್ನು, ಮನೆಯ ವಯಸ್ಸನ್ನಲ್ಲ. ಬ್ರಿಸ್ಟಲ್ ಬಳಿಯ ಬ್ಲೇಸ್ ಹ್ಯಾಮ್ಲೆಟ್ ಇದಕ್ಕೆ ಒಳ್ಳೆಯ ಪುರಾವೆ. ಶತಮಾನಗಳಿಂದ ತಾನಾಗಿ ಬೆಳೆದ ಹಳ್ಳಿಯಂತೆ ಕಾಣುವ ಅಲ್ಲಿನ ಒಂಬತ್ತು ಮನೆಗಳನ್ನು ಜಮೀನ್ದಾರನೊಬ್ಬನಿಗಾಗಿ ವಾಸ್ತುಶಿಲ್ಪಿ ಜಾನ್ ನ್ಯಾಶ್ ವಿನ್ಯಾಸ ಮಾಡಿದ್ದು 1811ರ ಆಸುಪಾಸಿನಲ್ಲಿ. ಹಳೆಯದರ ಹಾಗೆ ಕಾಣುವುದನ್ನೂ ಹೊಸದಾಗಿ ಕಟ್ಟಬಹುದು ಎಂದಮೇಲೆ ರೈತನ ಮನೆಯೊಂದರ ನಿಜವಾದ ಕಾಲವನ್ನು ಎಲ್ಲಿ ಹುಡುಕಬೇಕು? ಅಟ್ಟ ಹತ್ತಿ ಹುಡುಕಬೇಕು.

ಮಧ್ಯಯುಗದ ಡೆವನ್ ರೈತನ ಮನೆಗೆ ಚಿಮಣಿ ಇರಲಿಲ್ಲ. ಕಲ್ಲಿನ ಅಡಿಪಾಯದ ಮೇಲೆ, ಹುಲ್ಲು ಬೆರೆಸಿ ತುಳಿದ ಮಣ್ಣನ್ನು ವರಸೆ ವರಸೆಯಾಗಿ ಏರಿಸಿದ ಗೋಡೆ. ಮನೆಯನ್ನು ಅಡ್ಡಲಾಗಿ ಹಾಯುವ ಓಣಿ. ಅದರ ಪಕ್ಕದಲ್ಲಿ ಮಾಡಿನವರೆಗೂ ತೆರೆದ ನಡುಮನೆ. ಅದರ ನೆಲದ ಮೇಲೆ ಒಲೆ ಉರಿಯುತ್ತಿತ್ತು. ಹೊಗೆ ನಿಧಾನವಾಗಿ ಮೇಲೇರಿ ಹುಲ್ಲಿನ ಸಂದುಗಳಲ್ಲಿ ಸೋರಿ ಹೋಗುತ್ತಿತ್ತು. ಹೋಗುತ್ತ ತೊಲೆ, ಜಂತೆ, ಹುಲ್ಲಿನ ಒಳಪದರ ಎಲ್ಲಕ್ಕೂ ಮಸಿ ಮೆತ್ತುತ್ತಿತ್ತು. ಹದಿನಾರು, ಹದಿನೇಳನೇ ಶತಮಾನಗಳಲ್ಲಿ ಇಂಥ ಮನೆಗಳಿಗೆ ಚಿಮಣಿ ಬಂತು, ನಡುಮನೆಗೆ ಅಡ್ಡಲಾಗಿ ಮಹಡಿ ಬಂತು. ಮಸಿ ಹಿಡಿದ ಮಾಡು ಅದರ ಮೇಲೆ ಮರೆಯಾಗಿ ಉಳಿಯಿತು. ಕೆಳಗೆ ಒಡೆಯರು ಕಿಟಕಿ ಬದಲಿಸಿದರು, ಬಾಗಿಲು ಸರಿಸಿದರು, ಬಣ್ಣ ಬಳಿಸಿದರು. ಯಾರ ಕಣ್ಣಿಗೂ ಬೀಳದ ಅಟ್ಟವನ್ನು ಅಂದಗೊಳಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. ಬ್ರಾಡ್‌ಕ್ಲಿಸ್ಟ್‌ನ ಮಾರ್ಕರ್ಸ್ ಕಾಟೇಜ್ ಎಂಬ ಮಧ್ಯಯುಗದ ಮಣ್ಣಿನ ಮನೆಯಲ್ಲಿ ಈ ಮಸಿ ಹಿಡಿದ ಮರ ಇಂದಿಗೂ ಇದೆ.

ಕೆಟ್ಟ ಚಿಮಣಿಯಿಂದಲೂ ಮಸಿ ಬರುವುದಿಲ್ಲವೇ ಎಂದು ಕೇಳಬಹುದು. ಬರುತ್ತದೆ, ಆದರೆ ಚಿಮಣಿಯ ಬಿರುಕಿನ ಹೊಗೆ ಒಂದು ಮೂಲೆಯನ್ನಷ್ಟೇ ಕಪ್ಪಾಗಿಸುತ್ತದೆ. ತೆರೆದ ಒಲೆಯ ಹೊಗೆ ಇಡೀ ನಡುಮನೆಯ ಮಾಡಿಗೆ ಸಮನಾಗಿ ಹರಡುತ್ತದೆ, ಒಳಗೋಡೆ ಅಡ್ಡಬಂದಲ್ಲಿ ಗೆರೆ ಎಳೆದಂತೆ ನಿಲ್ಲುತ್ತದೆ. ಬೇರೆ ಮನೆಯಿಂದ ಕಿತ್ತು ತಂದ ತೊಲೆಯಾಗಿದ್ದರೆ? ಆಗ ಈಗಿನ ಜೋಡಣೆಗೆ ಬೇಡದ ಖಾಲಿ ರಂಧ್ರಗಳು ಅದರಲ್ಲಿ ಕಾಣುತ್ತವೆ, ಮಸಿ ಇರಬಾರದ ಮಗ್ಗುಲಲ್ಲಿ ಇರುತ್ತದೆ, ಬಡಗಿ ಕೆತ್ತಿದ ಕ್ರಮಸಂಖ್ಯೆಯ ಗುರುತುಗಳು ಅಕ್ಕಪಕ್ಕದ ಮರಗಳೊಂದಿಗೆ ಹೊಂದುವುದಿಲ್ಲ.

ಮಸಿಯಿಂದ ತಿಳಿಯುವುದು ಯುಗ ಮಾತ್ರ. ವರ್ಷ ಬೇಕಾದರೆ ಓಕ್ ಮರದ ಉಂಗುರಗಳ ಅಗಲವನ್ನು ಅಳೆದು, ಕಾಲ ಗೊತ್ತಿರುವ ಉಂಗುರಗಳ ಸರಣಿಯೊಂದಿಗೆ ಹೋಲಿಸಬೇಕು. ತೊಲೆಯಲ್ಲಿ ತೊಗಟೆಯಂಚು ಉಳಿದಿದ್ದರೆ ಮರ ಕಡಿದ ವರ್ಷವನ್ನೇ ಹೇಳಬಹುದು. ಅಂಚನ್ನು ಕೆತ್ತಿ ತೆಗೆದಿದ್ದರೆ ಹೊರಪದರದಲ್ಲಿ 9ರಿಂದ 41 ಉಂಗುರಗಳು ಇದ್ದಿರಬಹುದೆಂಬ ಅಂದಾಜಿನ ಮೇಲೆ ಕಾಲಾವಧಿಯೊಂದನ್ನು ಕಟ್ಟಬೇಕು. ಮರ ಕಡಿದ ವರ್ಷವೇ ಮನೆ ಕಟ್ಟಿದ ವರ್ಷವೇ ಎಂಬ ಆಕ್ಷೇಪ ಸಹಜ. ಒಣಗಿದ ಓಕ್ ಉಳಿಗೆ ಸುಲಭವಾಗಿ ಬಗ್ಗದು. ಬಡಗಿಗಳು ಹಸಿಮರವನ್ನೇ ಕೆತ್ತಿ ಕೂಡಿಸುತ್ತಿದ್ದರು. ಕೂಡಿಸಿದ ಮೇಲೆ ಮರ ಒಣಗಿ ಸೆಳೆದುಕೊಂಡ ಗುರುತು ಕೀಲುಗಳಲ್ಲಿ ಕಾಣುತ್ತದೆ. ಹಾಗಾಗಿ ಕಡಿತಕ್ಕೂ ಕಟ್ಟಡಕ್ಕೂ ನಡುವಿನ ಅಂತರ ಸಾಮಾನ್ಯವಾಗಿ ಒಂದೆರಡು ವರ್ಷವಷ್ಟೇ. ಡೆವನ್‌ನ ಕಷ್ಟ ಬೇರೆ. ಮಳೆ, ಬೆಚ್ಚನೆಯ ಹವೆ ಚೆನ್ನಾಗಿರುವ ಇಲ್ಲಿ ಓಕ್ ಬೇಗ ಬೆಳೆಯುತ್ತದೆ. ದಪ್ಪ ತೊಲೆಯಲ್ಲೂ ಉಂಗುರಗಳು ಕಡಿಮೆ. ಹೋಲಿಸಿ ನೋಡಲು ಸಾಲುವಷ್ಟು ಉದ್ದದ ಸರಣಿ ಎಷ್ಟೋ ಮನೆಗಳಲ್ಲಿ ಸಿಗುವುದಿಲ್ಲ. ಇಲ್ಲಿಗೆ ನೆರವಾಗಿ ಬಂದದ್ದು ಸ್ವಾನ್ಸಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೂಪಿಸಿದ ವಿಧಾನ. ಅವರು ಅಳೆಯುವುದು ಉಂಗುರದ ಅಗಲವನ್ನಲ್ಲ, ಅದರ ಸೆಲ್ಯುಲೋಸ್‌ನಲ್ಲಿರುವ ಆಮ್ಲಜನಕದ ಐಸೋಟೋಪುಗಳನ್ನು. ಆ ಬೇಸಿಗೆಯ ಮಳೆಯ ಗುರುತು ಅಲ್ಲಿ ಉಳಿದಿರುತ್ತದೆ. ಬೇಗ ಬೆಳೆದ ಮರವಾದರೂ ನಿಧಾನ ಬೆಳೆದ ಮರವಾದರೂ ಕುಡಿದದ್ದು ಅದೇ ಮಳೆ. ವೇಲ್ಸ್‌ನ ಗಡಿಯ ಲ್ವಿನ್ ಕೆಲಿನ್ ಎಂಬ ರೈತಮನೆಯನ್ನು ಈ ದಾರಿಯಿಂದಲೇ 1420ರ ಸುಮಾರಿಗೆ ಸೇರಿಸಲಾಯಿತು.

ಮಾಡಿನ ಹುಲ್ಲು ಇನ್ನೂ ದೊಡ್ಡ ಸಂಪತ್ತು. ಡೆವನ್‌ನಲ್ಲಿ ಹಳೆ ಹುಲ್ಲನ್ನು ಪೂರ್ತಿ ಕೀಳದೆ ಅದರ ಮೇಲೆಯೇ ಹೊಸದನ್ನು ಹೊದಿಸುವ ರೂಢಿ ಇದ್ದುದರಿಂದ, ತೀರ ಕೆಳಗಿನ ಪದರದಲ್ಲಿ ಮಧ್ಯಯುಗದ ಬೆಳೆಯೇ ಉಳಿದಿದೆ. ಹೊಗೆ ಅದನ್ನು ಹುಳುವಿನಿಂದ, ಕೊಳೆಯುವುದರಿಂದ ಕಾಪಾಡಿದೆ. ಸಸ್ಯಪುರಾತತ್ತ್ವಜ್ಞ ಜಾನ್ ಲೆಟ್ಸ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಪದರಗಳ ಗೋಧಿ, ರೈ, ಕಳೆಗಿಡಗಳನ್ನು ಬಿಡಿಸಿ ನೋಡಿದರು. ಇಂದಿನ ಗಿಡ್ಡ ಗೋಧಿಗೆ ಹೋಲಿಸಿದರೆ ಬಹಳ ಎತ್ತರದ, ಒಂದೇ ಹೊಲದಲ್ಲೂ ಒಂದರಂತೆ ಇನ್ನೊಂದಿಲ್ಲದ ತಳಿಗಳವು. ಗೋಡೆಗೆ ಸುಣ್ಣ ಬಳಿಯುವಾಗ ತೋರುವ ಎಚ್ಚರವನ್ನು ಮಾಡು ಹೊದಿಸುವಾಗಲೂ ತೋರಲೇಬೇಕೆಂದು ನಾನು ಹೇಳುವುದು ಇದಕ್ಕಾಗಿ. ಹಳೆ ಹುಲ್ಲು ಬೆಂಕಿಗೆ ಆಹುತಿಯಾಗುವುದೆಂಬ ಭಯ ಸುಳ್ಳಲ್ಲ. ಆದರೆ ಅಪಾಯದ ಮೂಲ ಬಹುತೇಕ ಚಿಮಣಿ. ಹೊಸ ಹುಲ್ಲೂ ಅದೇ ಕಿಡಿಗೆ ಹತ್ತಿಕೊಳ್ಳುತ್ತದೆ. ಚಿಮಣಿಯನ್ನು ದುರಸ್ತಿ ಮಾಡಿ, ಕೊಳೆತ ಮೇಲ್ಪದರವನ್ನಷ್ಟೇ ತೆಗೆದು, ಮಸಿ ಹಿಡಿದ ಅಡಿಪದರವನ್ನು ಕಟ್ಟಿದ ಹುರಿಯ ಸಮೇತ ಇದ್ದಲ್ಲೇ ಬಿಡುವುದು ಸಾಧ್ಯವಿದೆ. ಬಿಡಲಾಗದ ಕಡೆ, ಒಂದು ಕಂತೆಯನ್ನಾದರೂ ಗುರುತು ಹಾಕಿ ತೆಗೆದಿಟ್ಟ ಮೇಲೆಯೇ ಉಳಿದದ್ದನ್ನು ಕೀಳಬೇಕು.