ಕಾವಲುಗಾರನಿಲ್ಲದ ಕೋಶಕ್ಕೆ ಕೀಮೋ ತಾಗುವುದೇ?

ಪ್ರಶ್ನೆ: ಗೆಡ್ಡೆ ತಡೆಯುವ ಜೀನ್ ಕೆಟ್ಟರೆ ಕೀಮೋಥೆರಪಿ ಕೆಲಸ ಮಾಡುವುದಿಲ್ಲವೇ? ಶಾಖದ ಚಿಕಿತ್ಸೆಯೂ ಅಷ್ಟೇನಾ?

ಉತ್ತರ: ಹಾಗೆ ಸಾರಾಸಗಟಾಗಿ ಹೇಳಲಾಗದು. 1979ರಲ್ಲಿ ಪತ್ತೆಯಾದ, ಗೆಡ್ಡೆ ತಡೆಯುವ ಪಿ53 ಪ್ರೋಟೀನನ್ನೇ ನೋಡಿ. ಡಿಎನ್‌ಎ ಹಾನಿಗೊಂಡಾಗ ಅದು ಕೋಶ ವಿಭಜನೆಯನ್ನು ನಿಲ್ಲಿಸಿ ರಿಪೇರಿಗೆ ಬಿಡುವು ಕೊಡುತ್ತದೆ, ಇಲ್ಲವೇ ಕೋಶವನ್ನು ಸಾವಿಗೆ ದೂಡುತ್ತದೆ. ಬಹಳಷ್ಟು ಕೀಮೋ ಔಷಧಗಳು ಡಿಎನ್‌ಎಯನ್ನೇ ಹಾಳುಗೆಡಹುವುದರಿಂದ, ಪಿ53 ಇಲ್ಲದ ಕೋಶ ಬದುಕಿಕೊಳ್ಳುತ್ತದೆ ಎಂಬ ನಿಮ್ಮ ಊಹೆ ಸಹಜ. 1993ರಲ್ಲಿ ಇಲಿಯ ಕೋಶಗಳ ಮೇಲೆ ನಡೆದ ಪ್ರಯೋಗ ಅದನ್ನೇ ತೋರಿಸಿತು. ಆದರೆ 1999ರಲ್ಲಿ ಮನುಷ್ಯರ ಕರುಳಿನ ಕ್ಯಾನ್ಸರ್ ಕೋಶಗಳಿಂದ ಪಿ53 ಜೀನನ್ನು ತೆಗೆದಾಗ ಅವು ಫ್ಲೂರೋಯುರಾಸಿಲ್ ಎಂಬ ಕೀಮೋ ಔಷಧಕ್ಕೆ ಜಗ್ಗಲಿಲ್ಲ, ಡಾಕ್ಸೊರುಬಿಸಿನ್ ಎಂಬ ಇನ್ನೊಂದಕ್ಕೆ ಮಾತ್ರ ಇನ್ನಷ್ಟು ಸುಲಭವಾಗಿ ಸತ್ತವು! ವಿಭಜನೆಗೆ ತಡೆಯೇ ಇಲ್ಲದಿದ್ದರೆ ಹರಿದ ಡಿಎನ್‌ಎ ಹೊತ್ತೇ ಕೋಶ ಮುನ್ನುಗ್ಗಿ ಮುಗ್ಗರಿಸುತ್ತದೆ. ಇವು ಪ್ರಯೋಗಾಲಯದ ಕೋಶಗಳಷ್ಟೇ ಎಂಬ ಆಕ್ಷೇಪ ನ್ಯಾಯವೇ. ಆದರೂ ಡಿಎನ್‌ಎ ರಿಪೇರಿಗೆ ಬೇಕಾದ ಬಿಆರ್‌ಸಿಎ ಜೀನ್ ಕೆಟ್ಟ ಅಂಡಾಶಯದ ಕ್ಯಾನ್ಸರ್ ಪ್ಲಾಟಿನಂ ಔಷಧಗಳಿಗೆ ಹೆಚ್ಚು ಬಗ್ಗುವುದು ರೋಗಿಗಳಲ್ಲೇ ಕಂಡ ಸಂಗತಿ, ಏಕೆಂದರೆ ಅಲ್ಲಿ ರಿಪೇರಿಯವನೇ ಇಲ್ಲ. ಶಾಖದ ಸ್ವಾರಸ್ಯವೂ ಇಲ್ಲೇ ಇದೆ: ಸುಮಾರು 41–42 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಆರ್‌ಸಿಎ2 ಪ್ರೋಟೀನ್ ಕೋಶದೊಳಗೇ ನಾಶವಾಗುತ್ತದೆ. ಅಂದರೆ ಜೀನ್ ಸರಿಯಿದ್ದರೂ ಬಿಸಿ ತಾತ್ಕಾಲಿಕವಾಗಿ ಅದರ ಕೈ ಕಟ್ಟಿಹಾಕುತ್ತದೆ, ಆ ಹೊತ್ತಿಗೆ ಔಷಧದ ಪೆಟ್ಟು ಜೋರಾಗಿ ಬೀಳುತ್ತದೆ.