ನಕ್ಷತ್ರ ಚಿಹ್ನೆಯಿಂದ ದಪ್ಪಕ್ಷರಕ್ಕೆ

ಅಚ್ಚುಮೊಳೆಗಳ ಕಾಲದಲ್ಲಿ ಲೇಖಕನು ಹಸ್ತಪ್ರತಿಯ ಕೆಲವು ಪದಗಳ ಕೆಳಗೆ ಗೆರೆಯೆಳೆಯುವುದುಂಟು. ಮೊಳೆ ಜೋಡಿಸುವವನು ಆ ಗೆರೆಯನ್ನೇ ಅಚ್ಚಿಗೆ ತರದೆ, ಅದರ ಸೂಚನೆಯನ್ನರಿತು ಬೇರೆ ಬಗೆಯ ಮೊಳೆಗಳನ್ನು ಆರಿಸಿಕೊಳ್ಳುತ್ತಿದ್ದನು. ಇಂದಿನ ಜಾಲಪುಟಗಳಲ್ಲಿ ಇಂತಹುದೇ ಕಾರ್ಯವನ್ನು ‘ಪ್ಲಗಿನ್’ ಎಂಬ ಚಿಕ್ಕ ತಂತ್ರಾಂಶವು ನಡೆಸುತ್ತದೆ. ಅದರ ಬಗೆಯನ್ನು ನಾವೀಗ ಪರಿಶೀಲಿಸೋಣ.

ಬ್ರೌಸರು ಅರಿಯುವ ಭಾಷೆ ಎಚ್‌ಟಿಎಂಎಲ್. ಅದರಲ್ಲಿ ಶೀರ್ಷಿಕೆ, ಪರಿಚ್ಛೇದ, ಪಟ್ಟಿ ಎಲ್ಲಕ್ಕೂ ಕೋನಾಕಾರದ ಆವರಣದೊಳಗೆ ಗುರುತುಗಳನ್ನು ಬರೆಯಬೇಕು. ಬರೆಯುವವರಿಗೆ ಇದೊಂದು ತೊಡಕು. ಇದನ್ನು ಕಳೆಯಲೆಂದು 2004ರಲ್ಲಿ ಅಮೆರಿಕದ ಜಾನ್ ಗ್ರೂಬರ್ ಅವರು ‘ಮಾರ್ಕ್‌ಡೌನ್’ ಎಂಬ ಸರಳ ಬರವಣಿಗೆಯ ಕ್ರಮವನ್ನು ಪ್ರಕಟಿಸಿದರು. ಅದರ ಮೊದಲ ತಂತ್ರಾಂಶವು ‘ಮೂವಬಲ್ ಟೈಪ್’ ಎಂಬ ಪ್ರಕಾಶನ ವ್ಯವಸ್ಥೆಗೆ ಪ್ಲಗಿನ್ ಆಗಿಯೂ ಒದಗುತ್ತಿದ್ದಿತು.

ಒಂದು ಉದಾಹರಣೆ: ‘ಮಳೆಗಾಲದಲ್ಲಿ **ಹೊಳೆ** ದಾಟಬಾರದು’ ಎಂದು ಬರೆಯುತ್ತೇವೆ. ಪ್ಲಗಿನ್ ಮೊದಲು ಪರಿಚ್ಛೇದ, ಶೀರ್ಷಿಕೆ ಮುಂತಾದ ದೊಡ್ಡ ಭಾಗಗಳನ್ನು ವಿಂಗಡಿಸಿ, ಬಳಿಕ ಅವುಗಳೊಳಗಿನ ಚಿಹ್ನೆಗಳನ್ನು ಹುಡುಕುತ್ತದೆ. ಜೋಡಿ ನಕ್ಷತ್ರಗಳು ಮರೆಯಾಗಿ, ‘ಹೊಳೆ’ ದಪ್ಪಕ್ಷರದಲ್ಲಿ ಮೂಡುತ್ತದೆ.

ಪುಟದ ಚೌಕಟ್ಟಿಗೆ ‘ಟೆಂಪ್ಲೇಟು’ ಎಂದು ಹೆಸರು. ಅದರಲ್ಲಿ ಬರಹಕ್ಕಾಗಿ ತೆರವಾದ ಸ್ಥಳವಿರುತ್ತದೆ. ‘ಜೆಕಿಲ್’ ತಂತ್ರಾಂಶದ ಟೆಂಪ್ಲೇಟಿನಲ್ಲಿ ಬರಹದ ಹೆಸರಿನ ಮುಂದೆ ಒಂದು ನೆಟ್ಟಗೆರೆಯನ್ನೂ ‘ಮಾರ್ಕ್‌ಡೌನಿಫೈ’ ಎಂಬ ಪದವನ್ನೂ ಬರೆದರೆ ಸಾಕು. ಬರಹವು ಸೋಸಣಿಗೆಯಲ್ಲಿ ಹಾದುಬಂದಂತೆ ಎಚ್‌ಟಿಎಂಎಲ್ ಆಗಿ ಆ ಸ್ಥಳವನ್ನು ತುಂಬುತ್ತದೆ. ಮೂಲ ಬರಹಕ್ಕೆ ಏನೂ ಆಗುವುದಿಲ್ಲ. ಚೌಕಟ್ಟನ್ನು ಬದಲಿಸಿದರೂ ಅದನ್ನು ತಿದ್ದಬೇಕಾಗಿಲ್ಲ.

ಆದರೆ ಇಲ್ಲಿ ಅಪಾಯವೊಂದುಂಟು. ಅನೇಕ ಟೆಂಪ್ಲೇಟು ವ್ಯವಸ್ಥೆಗಳು ಹೊರಗಿನಿಂದ ಬಂದ ಕೋನಾವರಣಗಳನ್ನು ಬರಿಯ ಅಕ್ಷರಗಳನ್ನಾಗಿ ಮಾಡಿ ನಿಷ್ಫಲಗೊಳಿಸುತ್ತವೆ. ಪ್ಲಗಿನ್ ಕೊಟ್ಟ ಗುರುತುಗಳು ಫಲಿಸಬೇಕಾದರೆ ಈ ಕಾವಲನ್ನು ಸಡಿಲಿಸಲೇಬೇಕು. ಮಾರ್ಕ್‌ಡೌನ್ ಆದರೋ ತನ್ನೊಳಗೆ ನೇರವಾಗಿ ಎಚ್‌ಟಿಎಂಎಲ್ ಬರೆಯಲು ಎಡೆಗೊಡುತ್ತದೆ. ಅಪರಿಚಿತನು ಬರಹದೊಳಗೆ ದುಷ್ಟ ಆದೇಶವನ್ನು ಅಡಗಿಸಿಟ್ಟರೆ, ಅದು ಓದುವವರ ಬ್ರೌಸರಿನಲ್ಲಿ ನಡೆದು, ಅವರ ಹೆಸರಿನಲ್ಲಿ ವ್ಯವಹರಿಸಲೂಬಹುದು.

ಪರಿಹಾರವೇನು? ಪರಿವರ್ತನೆಯಾದ ಬಳಿಕ ಮತ್ತೊಮ್ಮೆ ಶೋಧಿಸಿ, ಅನುಮತಿಸಿದ ಗುರುತುಗಳನ್ನು ಮಾತ್ರ ಉಳಿಸಿಕೊಳ್ಳುವುದು. ಮೊದಲೇ ಶೋಧಿಸಿದರೆ ಸಾಲದು. ಏಕೆಂದರೆ ಮಾರ್ಕ್‌ಡೌನಿನ ಕೊಂಡಿಯಲ್ಲಿ ಅಡಗಿದ ಆದೇಶಕ್ಕೆ ಕೋನಾವರಣವೇ ಇರುವುದಿಲ್ಲ. ಅದು ಎಚ್‌ಟಿಎಂಎಲ್ ರೂಪ ತಾಳುವುದು ಪರಿವರ್ತನೆಯ ನಂತರವೇ. ಮೊದಲು ಪರಿವರ್ತನೆ, ಆಮೇಲೆ ಶೋಧನೆ: ಜಾಲಪುಟವನ್ನು ಕಟ್ಟಲು ಹೊರಟ ವಿದ್ಯಾರ್ಥಿಗಳು ಈ ಕ್ರಮವನ್ನು ಮರೆಯಬಾರದು.