ಆಲದ ಮರದ ಗಂಟು ಮತ್ತು ಕಂದು ರೋಗ



ನಮ್ಮ ಕಡೆಯ ಅನೇಕ ಊರುಗಳ ಹೊರಗೆ ಆಲದ ಮರದ ಕೊಂಬೆಗಳಲ್ಲಿ ಹುಲ್ಲಿನ ಗಂಟುಗಳು ತೂಗಾಡುವುದನ್ನು ನೀವು ನೋಡಿದ್ದೀರಿ. ಹಸು ಕರು ಹಾಕಿದ ಮೇಲೆ ಬೀಳುವ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಅಲ್ಲಿ ಕಟ್ಟುವುದು ಹಿಂದಿನಿಂದ ಬಂದ ರೂಢಿ. ಕೆಲವು ಊರುಗಳಲ್ಲಿ ಮಾಸನ್ನು ಕಸ ಎನ್ನುತ್ತಾರೆ. ಆಲವು ಹಾಲಿನ ಮರ. ಅದರಂತೆ ಹಸುವೂ ಹಾಲು ಕರೆಯಲಿ ಎಂಬುದು ಕಟ್ಟುವವರ ಆಸೆ. ನೆಲದ ಮೇಲೆ ಬಿಟ್ಟರೆ ನಾಯಿ ಎಳೆದಾಡುತ್ತದೆ, ಇಲ್ಲವೇ ಹಸುವೇ ತಿಂದುಬಿಡುತ್ತದೆ, ಎತ್ತರದಲ್ಲಿದ್ದರೆ ಆ ಭಯವಿಲ್ಲ ಎಂಬ ವಿವೇಕವೂ ಅದರಲ್ಲಿ ಸೇರಿದೆ. ಆದ್ದರಿಂದ ಈ ರೂಢಿಯನ್ನು ಮೌಢ್ಯವೆಂದು ನಗುವುದು ಸರಿಯಲ್ಲ. ಮೊದಲ ವರ್ಷ ನಾನು ನಕ್ಕಿದ್ದೆ. ಅದರ ಫಲವನ್ನೂ ಉಂಡೆ.

ಮೊದಲು ರೋಗದ ವಿಷಯ ಹೇಳುತ್ತೇನೆ. ಗಬ್ಬದ ಹಸು ಐದು ತಿಂಗಳು ಕಳೆದ ಮೇಲೆ, ಹೆಚ್ಚಾಗಿ ಏಳು ಎಂಟನೆಯ ತಿಂಗಳಲ್ಲಿ, ಯಾವ ಪೆಟ್ಟೂ ಇಲ್ಲದೆ ಕಂದು ಹಾಕುವುದುಂಟು. ಮಾಸು ಬೇಗ ಬೀಳುವುದಿಲ್ಲ. ಮುಂದೆ ಗಬ್ಬ ನಿಲ್ಲುವುದೂ ತಡವಾಗುತ್ತದೆ. ಇದಕ್ಕೆ ಬೇರೆ ಕಾರಣಗಳೂ ಇರಬಹುದು; ಆದರೆ ಒಂದೇ ಕೊಟ್ಟಿಗೆಯಲ್ಲಿ ಒಂದರ ಹಿಂದೆ ಒಂದು ಹಸು ಹೀಗೆ ಮಾಡಿದರೆ ಬ್ರುಸೆಲ್ಲಾ ಎಂಬ ರೋಗಾಣುವನ್ನು ಸಂಶಯಿಸಲೇಬೇಕು. ಇದನ್ನೇ ಕಂದು ರೋಗ ಎನ್ನುವುದು. ಹಾಕಿದ ಕಂದಿನಲ್ಲಿ, ಮಾಸಿನಲ್ಲಿ, ಅದರ ಜೊತೆಗೆ ಹರಿಯುವ ನೀರಿನಲ್ಲಿ ಈ ರೋಗಾಣು ಲೆಕ್ಕವಿಲ್ಲದಷ್ಟು ಇರುತ್ತದೆ. ಚುರುಕು ಬಿಸಿಲಿಗೆ ಬೇಗ ಸಾಯುತ್ತದೆ; ತಂಪು, ತೇವ, ನೆರಳು ಇದ್ದರೆ ತಿಂಗಳುಗಟ್ಟಲೆ ಬದುಕಬಲ್ಲದು. ಆಲದ ಮರದ ನೆರಳಿನಲ್ಲಿ ಒದ್ದೆ ಹುಲ್ಲಿನ ಗಂಟು ಎಂದರೆ ಅದಕ್ಕೆ ಹೇಳಿ ಮಾಡಿಸಿದ ಮನೆ. ಗಂಟಿನಿಂದ ತೊಟ್ಟಿಕ್ಕಿದ್ದು ಕೆಳಗಿನ ಹುಲ್ಲಿನ ಮೇಲೆ ಬೀಳುತ್ತದೆ. ಕಾಗೆ ಕಿತ್ತದ್ದು ಎಲ್ಲೆಲ್ಲಿಗೋ ಹೋಗುತ್ತದೆ. ಅದೇ ನೆರಳಿನಲ್ಲಿ ಮಧ್ಯಾಹ್ನ ಊರ ದನವೆಲ್ಲ ಮಲಗುತ್ತದೆ.

ರೋಗ ದನಕ್ಕಷ್ಟೇ ನಿಲ್ಲುವುದಿಲ್ಲ. ಬರಿಗೈಯಲ್ಲಿ ಕಂದನ್ನೋ ಮಾಸನ್ನೋ ಎಳೆದವರಿಗೆ ಕೈಯ ಗಾಯದಿಂದ ಹತ್ತುತ್ತದೆ. ಕಾಯಿಸದ ಹಾಲಿನಿಂದಲೂ ಬರುತ್ತದೆ. ಜ್ವರ ಬಂದು ಹೋಗಿ ಮತ್ತೆ ಬರುತ್ತದೆ, ರಾತ್ರಿ ಮೈಯೆಲ್ಲ ಬೆವರುತ್ತದೆ, ಸೊಂಟ ಕೀಲುಗಳು ಹಿಡಿಯುತ್ತವೆ. ಮಲೇರಿಯಾ ಇರಬಹುದು, ಟೈಫಾಯಿಡ್ ಇರಬಹುದು ಎಂದು ತಿಂಗಳುಗಳು ಕಳೆದುಹೋಗುತ್ತವೆ. ಇಂಥ ಜ್ವರಕ್ಕೆ ಆಸ್ಪತ್ರೆಗೆ ಹೋದಾಗ 'ನಮ್ಮ ಹಸು ಕಂದು ಹಾಕಿತ್ತು, ನಾನು ಕೈ ಹಾಕಿ ತೆಗೆದೆ' ಎಂಬ ಒಂದು ಮಾತನ್ನು ವೈದ್ಯರಿಗೆ ಹೇಳಿ. ಆ ಒಂದು ಮಾತಿನಿಂದ ಅವರಿಗೆ ದಾರಿ ಕಾಣುತ್ತದೆ. ಔಷಧವನ್ನು ಸಾಮಾನ್ಯವಾಗಿ ಆರು ವಾರ ಬಿಡದೆ ತೆಗೆದುಕೊಳ್ಳಬೇಕಾಗುತ್ತದೆ. ಜ್ವರ ಇಳಿಯಿತೆಂದು ನಡುವೆ ಬಿಟ್ಟರೆ ಮರುಕಳಿಸುತ್ತದೆ.

ಇಷ್ಟನ್ನೂ ನಾನು ಒಂದು ಊರಿನ ದೇವಸ್ಥಾನದ ಜಗಲಿಯಲ್ಲಿ ಚಿತ್ರಪಟ ತೂಗುಹಾಕಿ ಒಂದು ಸಂಜೆ ವಿವರಿಸಿದೆ. ನಲವತ್ತು ಜನ ಗಂಡಸರು ಕುಳಿತು ಕೇಳಿದರು, ತಲೆದೂಗಿದರು, ಕಾಫಿಯನ್ನೂ ಕೊಟ್ಟರು. ಮರುವಾರ ಹೋದಾಗ ಮರದಲ್ಲಿ ಹೊಸ ಗಂಟು ಇತ್ತು. ಸಭೆಯಲ್ಲಿ ಎಲ್ಲರಿಗಿಂತ ಮುಂದೆ ಕುಳಿತು ಪ್ರಶ್ನೆ ಕೇಳಿದ್ದ ಯಜಮಾನರ ಮನೆಯದೇ ಅದು! ನನಗೆ ಬೇಸರವಾಯಿತು. 'ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ' ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನಮ್ಮಂಥ ಕೆಲಸದವರು ಬೇಗ ಆಡುವ ಮಾತು ಇದು, ಅದರಿಂದ ಒಂದು ಕೆಲಸವೂ ಆಗುವುದಿಲ್ಲ.

ಆ ಮನೆಗೆ ಹೋದೆ. ಯಜಮಾನರು ನಕ್ಕು, 'ಅದೆಲ್ಲ ನಮ್ಮ ತಾಯಿಯವರ ಕಾರುಬಾರು ಸ್ವಾಮಿ' ಎಂದರು. ನನ್ನ ತಪ್ಪು ಅಲ್ಲಿಯೇ ಗೊತ್ತಾಯಿತು. ಕರು ಹಾಕಿಸುವುದು, ಮಾಸು ತೆಗೆಯುವುದು, ಗಿಣ್ಣು ಕಾಯಿಸುವುದು, ಕೊಟ್ಟಿಗೆ ಬಳಿಯುವುದು ಎಲ್ಲವೂ ಮನೆಯ ಹೆಂಗಸರ ಕೈಯಲ್ಲಿ ನಡೆಯುವ ಕೆಲಸ. ನಾನು ಮಾತಾಡಿದ್ದು ಆ ಕೆಲಸ ಮಾಡದವರ ಹತ್ತಿರ. ಹಿತ್ತಿಲಲ್ಲಿ ಹುಣಿಸೆಹಣ್ಣು ಬಿಡಿಸುತ್ತಿದ್ದ ಅಜ್ಜಿಯ ಎದುರಿಗೆ ಕುಳಿತು ಮತ್ತೆ ಮೊದಲಿನಿಂದ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ, 'ಅಲ್ಲ ಕಣಪ್ಪಾ, ಹಾಲಿನ ಮರಕ್ಕೆ ಕಟ್ಟದೆ ಮಣ್ಣಿಗೆ ಹಾಕಿ, ಹಸ ಹಾಲು ಬಿಡದೇ ಹೋದರೆ ನೀನು ತಂದುಕೊಡ್ತೀಯಾ?' ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಯೋಚಿಸಿ ನೋಡಿದರೆ ಅವರ ಲೆಕ್ಕ ನ್ಯಾಯವಾದದ್ದೇ. ಅವರಿಗೆ ನಾಳೆಯ ಹಾಲಿನ ಚಿಂತೆ. ನಾನು ಹೇಳುತ್ತಿದ್ದುದು ಎರಡು ವರ್ಷದ ಮೇಲೆ ಬರಬಹುದಾದ ನಷ್ಟ. ನನ್ನ ಮಾತು ಸುಳ್ಳಾದರೆ ನಷ್ಟ ಅವರಿಗೆ, ನನಗೆ ಏನೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾನು ಕೇಳಿದೆ: 'ಅಜ್ಜಿ, ಮರದ ಮೇಲೆ ಕಟ್ಟುವ ಬದಲು ಮರದ ಬುಡದಲ್ಲಿ ಹೂತರೆ ಆಗದೇ?' ಬುಡದಲ್ಲಿ ಹೂತರೆ ದನ ತುಳಿಯುತ್ತದೆ, ನಾಯಿ ಕೆದರುತ್ತದೆ ಎಂದರು. ಆಳವಾಗಿ ತೋಡಿಸೋಣ ಎಂದೆ. ಕೊನೆಗೆ ದಾರಿ ಕಂಡುಹಿಡಿದವರು ಅವರೇ. ತಮ್ಮ ಹಿತ್ತಿಲ ಮೂಲೆಯಲ್ಲಿ, ಬಾವಿಗೆ ದೂರವಾಗಿ, ನಾಲ್ಕೈದು ಅಡಿ ಗುಳಿ ತೋಡಿಸಿ, ಮಾಸನ್ನು ಹಾಕಿ, ಮೇಲೆ ಸುಣ್ಣ ಸುರಿದು ಮುಚ್ಚಿಸಿ, ಅದರ ಮೇಲೆ ಆಲದ ಕೊಂಬೆಯೊಂದನ್ನು ನೆಟ್ಟು ಅರಿಸಿನ ಕುಂಕುಮ ಇಟ್ಟರು. ಹಸು ಎಂದಿನಂತೆ ಹಾಲು ಕರೆಯಿತು. ಆಮೇಲೆ ಅದೇ ಬೀದಿಯ ಐದಾರು ಮನೆಯವರು ನನ್ನನ್ನು ಕೇಳದೆಯೇ ಹಾಗೆ ಮಾಡಿದರು. ಅಜ್ಜಿ ಮಾಡಿದ್ದನ್ನು ಕಂಡರು, ಅಷ್ಟೇ. ನನ್ನ ಚಿತ್ರಪಟ ಈಗಲೂ ಸುರುಳಿ ಸುತ್ತಿ ಮೂಲೆಯಲ್ಲಿದೆ.

ಇನ್ನು ಕೆಲವು ಊರುಗಳಲ್ಲಿ ಇದೂ ನಡೆದಿಲ್ಲ. ಏಕೆಂದು ತಿಳಿಯಬೇಕಾದರೆ ಈ ರೋಗದ ಹಳೆಯ ಕಥೆಯೊಂದನ್ನು ಕೇಳಿ. ಮೆಡಿಟರೇನಿಯನ್ ಸಮುದ್ರದಲ್ಲಿ ಮಾಲ್ಟಾ ಎಂಬ ಚಿಕ್ಕ ದ್ವೀಪವಿದೆ. ಅಲ್ಲಿದ್ದ ಬ್ರಿಟಿಷ್ ಸಿಪಾಯಿಗಳಿಗೆ ಬಿಡದ ಜ್ವರವೊಂದು ಬರುತ್ತಿತ್ತು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಅದರ ರೋಗಾಣುವನ್ನು ಕಂಡುಹಿಡಿದರು. ಬ್ರುಸೆಲ್ಲಾ ಎಂಬ ಹೆಸರು ಬಂದದ್ದು ಅವರಿಂದಲೇ. ಆದರೆ ಅದು ಎಲ್ಲಿಂದ ಬರುತ್ತದೆ ಎಂಬುದು ತಿಳಿಯಲು 1905ರವರೆಗೆ ಕಾಯಬೇಕಾಯಿತು. ಆ ವರ್ಷ ಅದೇ ದ್ವೀಪದ ವೈದ್ಯರಾದ ಜಾಮಿಟ್ ಎಂಬವರು ಆಡುಗಳಲ್ಲಿ ರೋಗಾಣುವನ್ನು ಕಂಡರು. ಆಡುಗಳು ಗಟ್ಟಿಮುಟ್ಟಾಗಿದ್ದವು, ಚೆನ್ನಾಗಿ ಹಾಲು ಕರೆಯುತ್ತಿದ್ದವು! ಸೈನ್ಯದಲ್ಲಿ 1906ರಲ್ಲಿ ಆಡಿನ ಹಾಲನ್ನು ನಿಲ್ಲಿಸಿದರು. ಸಿಪಾಯಿಗಳಲ್ಲಿ ಜ್ವರ ಬೇಗನೆ ಇಳಿದುಹೋಯಿತು. ಊರಿನ ಜನರಲ್ಲಿ ಮಾತ್ರ ಅದು ಹತ್ತಾರು ವರ್ಷ ಉಳಿಯಿತು. ಸಿಪಾಯಿಗೆ ಅಪ್ಪಣೆ ಸಾಕು. ಮನೆ ಬಾಗಿಲಿಗೆ ಆಡು ತಂದು ಕಣ್ಣೆದುರಿಗೆ ಹಾಲು ಕರೆದುಕೊಡುವ ಗೌಳಿಗನ ಆರೋಗ್ಯವಾದ ಆಡಿನಲ್ಲಿ ರೋಗವಿದೆ ಎಂದರೆ ಯಾರು ನಂಬುತ್ತಾರೆ?

ನಮ್ಮಲ್ಲಿಯೂ ಹಾಗೆಯೇ. ಒಮ್ಮೆ ಕಂದು ಹಾಕಿದ ಹಸು ಮುಂದಿನ ಸಲ ತುಂಬು ತಿಂಗಳಿಗೆ ಕರು ಹಾಕಬಹುದು. 'ರೋಗ ವಾಸಿಯಾಯಿತು' ಎಂದು ಮನೆಯವರು ಸಮಾಧಾನಪಡುತ್ತಾರೆ. ಆದರೆ ರೋಗಾಣು ಕೆಚ್ಚಲಿನಲ್ಲಿ ಉಳಿದಿರುತ್ತದೆ. ಹಾಲಿನಲ್ಲಿ, ಮುಂದಿನ ಮಾಸಿನಲ್ಲಿ ಹೊರಬೀಳುತ್ತಲೇ ಇರುತ್ತದೆ. ದೊಡ್ಡರೋಗದ ಕಾಲ ಬೇರೆ ಇತ್ತು. ಅದು ಬಂದರೆ ಕೆಲವೇ ದಿನಗಳಲ್ಲಿ ಕೊಟ್ಟಿಗೆ ಖಾಲಿಯಾಗುತ್ತಿತ್ತು, ಲಸಿಕೆ ಹಾಕಿಸಿದವರ ದನ ಮಾತ್ರ ನಿಂತಿರುತ್ತಿತ್ತು. ಕಣ್ಣಿಗೆ ಕಂಡದ್ದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. 1954ರಲ್ಲಿ ದೇಶವ್ಯಾಪಿ ಕಾರ್ಯಕ್ರಮ ಆರಂಭವಾಗಿ, 2006ರಲ್ಲಿ ನಮ್ಮ ದೇಶ ಆ ರೋಗದಿಂದ ಮುಕ್ತವೆನಿಸಿ, 2011ರಲ್ಲಿ ಇಡೀ ಪ್ರಪಂಚದಿಂದಲೇ ಅದು ತೊಲಗಿತೆಂದು ಸಾರಲಾಯಿತು. ಕಂದು ರೋಗ ಹಾಗೆ ಸದ್ದು ಮಾಡುವುದಿಲ್ಲ.

ಮುಚ್ಚಿಡುವುದಕ್ಕೆ ಇನ್ನೂ ಒಂದು ಕಾರಣವಿದೆ, ಅದನ್ನು ಬಾಯಿಬಿಟ್ಟು ಆಡುವವರು ಕಡಿಮೆ. ಕಂದು ಹಾಕಿದ ಹಸುವಿಗೆ ಬೆಲೆ ಇಲ್ಲ. ಒಂದು ಊರಿನಲ್ಲಿ ಒಬ್ಬರ ಹಸು ಏಳನೆಯ ತಿಂಗಳಿನಲ್ಲಿ ಕಂದು ಹಾಕಿತು, ನನಗೂ ಹೇಳಿದರು. ಮತ್ತೆ ಗಬ್ಬ ನಿಂತ ಮೇಲೆ ಅದನ್ನು ಸಂತೆಯಲ್ಲಿ ಮಾರಿದರು, ಹಳೆಯ ಸಂಗತಿ ಹೇಳಲಿಲ್ಲ. ಕೊಂಡವರು ಪಕ್ಕದ ಊರಿನವರು, ನನಗೆ ಪರಿಚಯದವರು. ನಾನೂ ಹೇಳಲಿಲ್ಲ. ಒಬ್ಬರ ಮನೆಯ ಮಾತು ಇನ್ನೊಬ್ಬರಿಗೆ ಮುಟ್ಟಿಸಿದರೆ ಮುಂದೆ ಯಾರೂ ನನ್ನ ಹತ್ತಿರ ನಿಜ ಆಡಲಾರರು ಎಂದು ನನಗೆ ನಾನೇ ಹೇಳಿಕೊಂಡೆ. ಮರುವರ್ಷ ಆ ಕೊಟ್ಟಿಗೆಯಲ್ಲಿ ಎರಡು ಹಸುಗಳು ಕಂದು ಹಾಕಿದವು, ಮನೆಯ ಸೊಸೆ ಮೂರು ತಿಂಗಳು ಜ್ವರದಲ್ಲಿ ಮಲಗಿದರು. ಮಾರಿದವರನ್ನು ಬೈಯುವುದು ಸುಲಭ. ಮಗಳ ಮದುವೆಯ ಸಾಲ ಅವರ ತಲೆಯ ಮೇಲಿತ್ತು. ನಾನಾದರೂ, ಅವರ ಹೆಸರು ಹೇಳದೆ, 'ಹಸು ಕೊಳ್ಳುವ ಮೊದಲು ರಕ್ತ ಪರೀಕ್ಷೆ ಮಾಡಿಸಿ' ಎಂದು ಕೊಂಡವರಿಗೆ ಹೇಳಬಹುದಾಗಿತ್ತು.

ಈಗ ಎಲ್ಲರಿಗೂ ಹೇಳುತ್ತೇನೆ. ಗಬ್ಬದ ಹಸುವನ್ನೋ ಕರೆಯುವ ಹಸುವನ್ನೋ ಕೊಳ್ಳುವಾಗ ಹಲ್ಲು, ಕೆಚ್ಚಲು, ಸುಳಿ ನೋಡಿದ ಹಾಗೆ ರಕ್ತ ಪರೀಕ್ಷೆಯನ್ನೂ ಪಶು ಆಸ್ಪತ್ರೆಯ ಮೂಲಕ ಮಾಡಿಸಿ. ಹಾಲಿನ ಸಂಘದಲ್ಲಿ ಅನೇಕ ಮನೆಗಳ ಬೆರೆತ ಹಾಲಿನಲ್ಲೇ ಈ ರೋಗವನ್ನು ಹುಡುಕುವ ಕ್ರಮವೂ ಉಂಟು. ಅದರಲ್ಲಿ ಯಾವ ಒಂದು ಮನೆಯ ಹೆಸರೂ ಬರುವುದಿಲ್ಲ; ಊರಿನಲ್ಲಿ ರೋಗವಿದೆಯೇ ಎಂಬುದಷ್ಟೇ ಗೊತ್ತಾಗುತ್ತದೆ. ಒಬ್ಬರ ಮಾನ ಹೋಗದಂತೆ ಊರೆಲ್ಲ ಸೇರಿ ಮಾತು ಆರಂಭಿಸಲು ಇದು ಒಳ್ಳೆಯ ದಾರಿ. ಸಂಘದ ಕಾರ್ಯದರ್ಶಿಗಳು ಪಶುವೈದ್ಯರನ್ನು ಕೇಳಬೇಕು.

ರೋಗ ಹತ್ತಿದ ಹಸುವನ್ನು ಔಷಧದಿಂದ ವಾಸಿಮಾಡುವ ಆಸೆ ಬೇಡ, ಲಸಿಕೆಯೇ ದಾರಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆಗೆ ಕಂದು ರೋಗವನ್ನೂ ಸೇರಿಸಿದ್ದಾರೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುವಿಗೆ, ಎಮ್ಮೆಯ ಹೆಣ್ಣು ಕರುವಿಗೂ, ಜೀವಮಾನದಲ್ಲಿ ಒಂದೇ ಸಲ ಹಾಕಿಸಬೇಕು. ಗಂಡು ಕರುವಿಗೆ ಬೇಡ, ಗಬ್ಬದ ಹಸುವಿಗೆ ಕೂಡದು. ಒಂದೆರಡು ದಿನ ಮೈ ಬಿಸಿಯಾಗಬಹುದು, ಚುಚ್ಚಿದ ಕಡೆ ಊದಬಹುದು, ಹೆದರಬೇಕಾಗಿಲ್ಲ. ಕಾಲುಬಾಯಿ ಲಸಿಕೆಗೆ 'ಹಾಲು ಇಳಿಯುತ್ತದೆ' ಎಂದು ಹಿಂದೆಗೆಯುವವರಿಗೆ ಇಲ್ಲಿ ಆ ಮಾತೂ ಇಲ್ಲ. ಆದರೂ ಈ ಲಸಿಕೆ ತಪ್ಪಿಹೋಗುತ್ತದೆ. ಏಕೆಂದರೆ ಆರು ತಿಂಗಳ ಕರು ಯಾರ ಲೆಕ್ಕದಲ್ಲಿಯೂ ಇರುವುದಿಲ್ಲ. ಹಾಲು ಕೊಡುವ ಹಸುವನ್ನು ಲಸಿಕೆಯ ದಿನ ಮನೆಯಲ್ಲಿ ಕಟ್ಟಿ ಕಾಯುತ್ತೀರಿ, ಕರು ಹುಡುಗರ ಜೊತೆ ಮೇಯಲು ಹೋಗಿರುತ್ತದೆ. ಲಸಿಕೆಯವರು ಮತ್ತೆ ಬರುವ ಹೊತ್ತಿಗೆ ಅದಕ್ಕೆ ಎಂಟು ತಿಂಗಳು ದಾಟಿರುತ್ತದೆ.

ಆದ್ದರಿಂದ ಹೆಣ್ಣು ಕರು ಹುಟ್ಟಿದ ದಿನವೇ ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಲ್ಲಿ ತಾರೀಖು ಬರೆದಿಡಿ. ಅದಕ್ಕೆ ನಾಲ್ಕು ತಿಂಗಳು ತುಂಬಿದಾಗ ನನಗಾಗಲಿ ಪಶು ಆಸ್ಪತ್ರೆಗಾಗಲಿ ತಿಳಿಸಿ. ಮಾಸಿಗೋ ಹಾಕಿದ ಕಂದಿಗೋ ಕೈ ಹಾಕುವಾಗ ಕೈಗವಸು ಹಾಕಿಕೊಳ್ಳಿ; ಅದು ಸಿಗದಿದ್ದರೆ ಮೊಣಕೈವರೆಗೆ ತೂತಿಲ್ಲದ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಬಸುರಿ ಹೆಂಗಸರನ್ನು ಆ ಕೆಲಸಕ್ಕೆ ಬಿಡಬೇಡಿ. ಹಾಲನ್ನು, ಗಿಣ್ಣನ್ನು ಚೆನ್ನಾಗಿ ಕಾಯಿಸದೆ ಮಕ್ಕಳಿಗೆ ಕೊಡಬೇಡಿ. ಮಳೆ ಹಿಡಿದರೆ ಗುಳಿ ತೋಡುವುದು ಕಷ್ಟ. ಗಬ್ಬದ ಹಸು ಇರುವವರು ಈಗಲೇ ಒಂದು ಗುಳಿ ತೋಡಿಸಿ, ಒಂದು ಬುಟ್ಟಿ ಸುಣ್ಣ ತಂದು ಪಕ್ಕದಲ್ಲಿ ಇಟ್ಟುಕೊಳ್ಳಿ.